ಸಾಂಕ್ರಾಮಿಕದ ಕಾಲದಲ್ಲಿ ಧರಣಿ, ಸಭೆಗೆ ಅನುಮತಿ: ಮಾದರಿ ಆದೇಶದಲ್ಲಿ ಏನೇನಿರಬೇಕು?

ಹೇಮಾವತಿ ದಂಡೆ
ಕೋವಿಡ್ ಥರದ್ದು ಮತ್ತೆ ಬಂದರೆ ಸಭೆ, ಧರಣಿಗಳನ್ನೆಲ್ಲ ಒಂದೇ ಏಟಿಗೆ ನಿಷೇಧಿಸುವ ಬದಲು ಯಾವ ಷರತ್ತಿನ ಮೇಲೆ ಬಿಡಬಹುದು ಅಂತ ಒಂದು ಮಾದರಿ ಆದೇಶದ ಕರಡು ಮಾಡಿ ಜಿಲ್ಲಾಡಳಿತಕ್ಕೆ ಕೊಡುವ ಯೋಚನೆ ನಡೆದಿದೆ. ಭಾಷಣ ಬೇಡ, ಕೆಲಸಕ್ಕೆ ಬರುವ ಮಾತು ಬೇಕು. ಯಾವ ಕಾನೂನಿನ ಕೆಳಗೆ ಆದೇಶ ಹೊರಡಿಸಿದರೆ ಕೋರ್ಟಿನಲ್ಲಿ ನಿಲ್ಲುತ್ತದೆ? ಜನರ ಸಂಖ್ಯೆಯನ್ನು ಯಾವ ಲೆಕ್ಕದ ಮೇಲೆ ನಿಗದಿ ಮಾಡಬೇಕು? ಪೊಲೀಸರಿಗೂ ಸಂಘಟಕರಿಗೂ ಏನು ಹೊಣೆ ಹಾಕಬೇಕು? ತಿಳಿದವರು ಬರೆಯಿರಿ.

ಕಲಂ ಹತ್ತೊಂಬತ್ತು
ಕಾನೂನಿನ ಭಾಗ ನಾನು ಹೇಳುತ್ತೇನೆ. ಎಡವುವುದು ಹೆಚ್ಚಾಗಿ ಇಲ್ಲೇ.

ಶಾಂತಿಯುತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು ಸಂವಿಧಾನದ 19(1)(ಬಿ)ಯಲ್ಲಿದೆ. ಅದಕ್ಕೆ ನಿರ್ಬಂಧ ಹಾಕಲು ಆಧಾರ 19(3). ಅಲ್ಲಿರುವುದು ಎರಡೇ ಕಾರಣ: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ. ಆರೋಗ್ಯ ಅನ್ನುವ ಪದ ಆ ಉಪವಿಧಿಯಲ್ಲಿ ಇಲ್ಲ. ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯಲ್ಲಿ ಆರೋಗ್ಯ ಸ್ಪಷ್ಟವಾಗಿ ಇದೆ. ಓಡಾಟದ ಹಕ್ಕಿಗೆ 19(5)ರಲ್ಲಿ ಜನಸಾಮಾನ್ಯರ ಹಿತ ಅನ್ನುವ ವಿಶಾಲ ಕಾರಣ ಇದೆ. ಹಾಗಾಗಿ ದೇವಸ್ಥಾನದ ಜಾತ್ರೆ ನಿಲ್ಲಿಸಲು ಇರುವ ದಾರಿ, ಧರಣಿ ನಿಲ್ಲಿಸಲು ಅಷ್ಟು ಸಲೀಸಲ್ಲ. 1960ರ ರಾಮ್ ಮನೋಹರ್ ಲೋಹಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸುವ್ಯವಸ್ಥೆಯನ್ನು ಸುರಕ್ಷತೆ, ನೆಮ್ಮದಿಗಳ ಜೊತೆ ಸೇರಿಸಿ ನೋಡಿದೆ. ಸರ್ಕಾರ ಸುರಕ್ಷತೆಯ ಆ ಎಳೆಯನ್ನು ಹಿಡಿದು ವಾದಿಸಬಹುದು. ಆದರೆ ರೋಗ ಇದೆ ಎಂದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಈ ಸಭೆಯಿಂದ, ಈ ಜಾಗದಲ್ಲಿ, ಈ ವಾರ ಜನರ ಜೀವಕ್ಕೆ ಏನು ಅಪಾಯ ಅಂತ ಆದೇಶದಲ್ಲೇ ತೋರಿಸಬೇಕು.

ನಿಷೇಧಾಜ್ಞೆಗೆ ಬಳಸುವ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 144, ಅಂದರೆ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163, ಮನುಷ್ಯರ ಜೀವ, ಆರೋಗ್ಯ, ಸುರಕ್ಷತೆಗೆ ಅಪಾಯ ಅನ್ನುವುದನ್ನು ಕಾರಣವಾಗಿ ಹೆಸರಿಸುತ್ತದೆ. ಮ್ಯಾಜಿಸ್ಟ್ರೇಟರ ಆದೇಶದ ಆಯಸ್ಸು ಎರಡು ತಿಂಗಳು. ರಾಜ್ಯ ಸರ್ಕಾರ ಇನ್ನು ಆರು ತಿಂಗಳವರೆಗೆ ವಿಸ್ತರಿಸಬಹುದು. ಆದೇಶವನ್ನು ಬದಲಿಸಿ ಅಥವಾ ರದ್ದು ಮಾಡಿ ಎಂದು ಬಾಧಿತರು ಅರ್ಜಿ ಹಾಕಬಹುದು, ಆಗ ಅವರ ಮಾತು ಕೇಳಲೇಬೇಕು. ಈ ಅವಕಾಶವನ್ನು ಬಳಸುವವರೇ ಕಡಿಮೆ. ಎಲ್ಲರೂ ನೇರ ಹೈಕೋರ್ಟಿಗೆ ಓಡುತ್ತಾರೆ.

ಎರಡು ತೀರ್ಪುಗಳನ್ನು ಕರಡು ಬರೆಯುವವರು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಸುಪ್ರೀಂ ಕೋರ್ಟಿನ 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪು: ಆದೇಶ ಪ್ರಕಟವಾಗಬೇಕು, ಕಾರಣ ಇರಬೇಕು, ಅತಿ ಕಡಿಮೆ ನಿರ್ಬಂಧದ ಕ್ರಮವನ್ನೇ ಆರಿಸಬೇಕು. ಇನ್ನೊಂದು ನಮ್ಮದೇ ಹೈಕೋರ್ಟಿನ 2020ರ ಫೆಬ್ರವರಿ 13ರ ತೀರ್ಪು. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆಯನ್ನು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಕಾನೂನುಬಾಹಿರ ಎಂದಿತು. ಅಧಿಕಾರಿ ತಾವೇ ಯೋಚಿಸಿ ಅಭಿಪ್ರಾಯಕ್ಕೆ ಬಂದದ್ದಕ್ಕೆ ಆ ಆದೇಶದಲ್ಲಿ ಕಾರಣ ಕಾಣಲಿಲ್ಲ. ಅದು ರೋಗದ ಪ್ರಕರಣ ಅಲ್ಲ. ಆದರೆ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ವರದಿಯನ್ನು ಹಾಗೇ ಅಂಟಿಸಿ ಸಹಿ ಹಾಕಿದರೆ ಇದೇ ಗತಿ.

ಜ್ವರಪಟ್ಟಿ
ಸೋಂಕಿನ ಕಡೆಯಿಂದ ಒಂದು ತಿದ್ದುಪಡಿ. ಎಷ್ಟು ಜನ ಅನ್ನುವ ಪ್ರಶ್ನೆಯಿಂದ ಎಲ್ಲರೂ ಶುರು ಮಾಡುತ್ತಾರೆ. ಗಾಳಿಯಿಂದ ಹರಡುವ ರೋಗಕ್ಕೆ ಅದು ನಾಲ್ಕನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು ಒಳಗೋ ಹೊರಗೋ, ಆಮೇಲೆ ಎಷ್ಟು ಹೊತ್ತು, ಆಮೇಲೆ ಬಾಯಿಂದ ಏನು ಮಾಡುತ್ತಾರೆ. ಸುಮ್ಮನೆ ಕೂರುವುದು, ಮಾತಾಡುವುದು, ಕೂಗುವುದು, ಹಾಡುವುದು, ಈ ಕ್ರಮದಲ್ಲಿ ಹೊರಬೀಳುವ ಕಣಗಳು ಏರುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡದ ಅಭ್ಯಾಸಕ್ಕೆ 61 ಜನ ಬಂದಿದ್ದರು. ಎರಡೂವರೆ ಗಂಟೆಯ ಅಭ್ಯಾಸ. ಖಚಿತ ಮತ್ತು ಸಂಭಾವ್ಯ ಸೇರಿ 53 ಜನರಿಗೆ ಸೋಂಕು, ಇಬ್ಬರ ಸಾವು. ಆ ಸಂಖ್ಯೆ, 61, ನಮ್ಮಲ್ಲಿ 100 ಜನರ ಮಿತಿ ಹಾಕಿದ ಆದೇಶಗಳ ಪ್ರಕಾರ ಅನುಮತಿಯ ಒಳಗೇ ಬರುತ್ತಿತ್ತು.

ಹಾಗಾಗಿ 100 ಜನರ ಮಿತಿ ಹಾಕಿ ಸಮುದಾಯ ಭವನದ ಒಳಗೆ ಕೂರಿಸುವುದಕ್ಕಿಂತ, 300 ಜನರನ್ನು ಬಯಲಲ್ಲಿ ಒಂದೂವರೆ ಗಂಟೆ ಕೂರಿಸುವುದು ಎಷ್ಟೋ ಮೇಲು. ಒಳಾಂಗಣವೇ ಅನಿವಾರ್ಯವಾದರೆ ಗಾಳಿಯ ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕನಿಷ್ಠ ಪ್ರಮಾಣ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ, ಗಂಟೆಗೆ 36 ಘನ ಮೀಟರ್. 100 ಜನಕ್ಕೆ 3,600 ಘನ ಮೀಟರ್ ಬೇಕು. 20 ಮೀಟರ್ ಉದ್ದ, 10 ಅಗಲ, 4 ಎತ್ತರದ ಹಾಲ್‌ನಲ್ಲಿ ಇರುವುದು 800 ಘನ ಮೀಟರ್, ಅಂದರೆ ಗಂಟೆಗೆ ನಾಲ್ಕೂವರೆ ಸಲ ಇಡೀ ಗಾಳಿ ಬದಲಾಗಬೇಕು. ಕಿಟಕಿ ಮುಚ್ಚಿ ಎಸಿ ಹಾಕಿದರೆ ಇದು ಆಗುವ ಮಾತಲ್ಲ. ಸೀಲಿಂಗ್ ಫ್ಯಾನು ಒಳಗಿನ ಗಾಳಿಯನ್ನೇ ಕಲಕುತ್ತದೆ, ಹೊಸ ಗಾಳಿ ತರುವುದಿಲ್ಲ. ಎದುರುಬದುರು ಕಿಟಕಿ ತೆರೆದು, ಒಂದು ಬದಿಗೆ ಎಕ್ಸಾಸ್ಟ್ ಫ್ಯಾನು ಹಾಕಿ, ನಡುವಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಇಡಿ. ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420) ಇರುತ್ತದೆ. ಒಳಗೆ 800 ದಾಟಿದರೆ ವಿರಾಮ ಕೊಟ್ಟು ಜನರನ್ನು ಹೊರಗೆ ಕಳಿಸಬೇಕು.

ಆಡಳಿತ ಪಕ್ಷಿ
ಇದೆಲ್ಲ ರೋಗ ಯಾವುದು ಅಂತ ಗೊತ್ತಾದ ಮೇಲಿನ ಮಾತು. ಮೊದಲ ವಾರಗಳಲ್ಲಿ ಏನೂ ಗೊತ್ತಿರುವುದಿಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರದ್ದು. ಸೋಂಕು ದೃಢವಾದದ್ದು ಎರಡು ದಿನ ಕಳೆದು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲ್, ಚಿತ್ರಮಂದಿರ, ದೊಡ್ಡ ಸಮಾರಂಭ ಬಂದ್ ಆದವು. ಆಗ ಗಾಳಿಯಿಂದಲೋ, ಮುಟ್ಟುವುದರಿಂದಲೋ ಅನ್ನುವುದೇ ವಿವಾದದಲ್ಲಿತ್ತು. ಆ ಹಂತದಲ್ಲಿ ಮೀಟರ್ ಹಿಡಿದು ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ. ತಹಶೀಲ್ದಾರರಿಗೆ ಒಂದು ಸಾಲಿನ ಸ್ಪಷ್ಟ ನಿಷೇಧ ಬೇಕು. ಷರತ್ತು ಜಾಸ್ತಿಯಾದಷ್ಟೂ ಜಾರಿ ಮಾಡುವ ಪೇದೆಗೆ ಗೊಂದಲ.

ಕಲಂ ಹತ್ತೊಂಬತ್ತು
ಒಪ್ಪುತ್ತೇನೆ ಸರ್, ಆದರೆ ಅದಕ್ಕೆ ಮುಕ್ತಾಯದ ದಿನಾಂಕ ಇರಲಿ. 14 ದಿನದ ಪೂರ್ಣ ನಿಷೇಧವನ್ನು ಯಾವ ಕೋರ್ಟೂ ಸುಲಭಕ್ಕೆ ಅಲುಗಾಡಿಸುವುದಿಲ್ಲ. ತೊಂದರೆ ಆಗುವುದು ಅದು ಸದ್ದಿಲ್ಲದೆ ಮುಂದುವರಿದಾಗ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಕೆಳಗೆ ಕೇಂದ್ರದ ಮೊದಲ ಲಾಕ್‌ಡೌನ್ ಆದೇಶ ಬಂದದ್ದು 2020ರ ಮಾರ್ಚ್ 24ಕ್ಕೆ. ಆ ಕಾಯ್ದೆಯ ಕೆಳಗಿನ ಕೋವಿಡ್ ನಿರ್ಬಂಧಗಳನ್ನು ಕೇಂದ್ರ ಕೈಬಿಟ್ಟದ್ದು 2022ರ ಮಾರ್ಚ್ 31ಕ್ಕೆ. 144ಕ್ಕಿರುವ ಎರಡು ತಿಂಗಳ ಕಟ್ಟು ಆ ಕಾಯ್ದೆಗೆ ಇಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಾತ್ಕಾಲಿಕ ನಿಯಮ ಅನ್ನುತ್ತದೆ, ಎಷ್ಟು ದಿನ ಎನ್ನುವುದಿಲ್ಲ.

ಆ ನಡುವೆ ಏನಾಯಿತು ನೋಡಿ. 2020ರ ಮೇಯಲ್ಲಿ ಎಪಿಎಂಸಿ ಸುಗ್ರೀವಾಜ್ಞೆ, ಜುಲೈನಲ್ಲಿ ಭೂ ಸುಧಾರಣಾ ತಿದ್ದುಪಡಿ ಸುಗ್ರೀವಾಜ್ಞೆ. ಸಭೆ ಸೇರಲು ಅನುಮತಿ ಇಲ್ಲದ ಕಾಲದಲ್ಲಿ ರೈತರ ಜಮೀನಿಗೆ ಸಂಬಂಧಿಸಿದ ಕಾನೂನು ಬದಲಾಯಿತು. ಕರ್ನಾಟಕ ಬಂದ್ ನಡೆದದ್ದು ಸೆಪ್ಟೆಂಬರ್ 28ಕ್ಕೆ. ಸುಗ್ರೀವಾಜ್ಞೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಸರ್ಕಾರ ಎಂದಿನಂತೆ ಕಾನೂನು ಮಾಡುತ್ತಿರುವಾಗ ಜನರಿಗೂ ವಿರೋಧಿಸಲು ಒಂದು ಜಾಗ ತೆರೆದಿರಬೇಕು. ಬರೀ ಆನ್‌ಲೈನ್ ಮನವಿ ಅದಕ್ಕೆ ಬದಲಿ ಆಗಲಾರದು.

ಮೈನ್ ನದಿ ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಇದೇ ಪ್ರಶ್ನೆ ಮೊದಲ ತಿಂಗಳಲ್ಲೇ ಕೋರ್ಟಿಗೆ ಹೋಗಿತ್ತು. ಹೆಸ್ಸೆನ್ ರಾಜ್ಯದ ಗೀಸೆನ್ ನಗರದಲ್ಲಿ ಸಣ್ಣದೊಂದು ಪ್ರತಿಭಟನೆಗೆ ನೋಂದಣಿ ಆಗಿತ್ತು, ದೂರ ಕಾಯ್ದುಕೊಳ್ಳುವ ಯೋಜನೆಯೂ ಜೊತೆಗಿತ್ತು. ಒಂದೇ ಮನೆಯವರಲ್ಲದ ಇಬ್ಬರಿಗಿಂತ ಹೆಚ್ಚು ಜನ ಸೇರುವುದನ್ನು ರಾಜ್ಯದ ನಿಯಮವೇ ತಡೆದಿದೆ ಅಂತ ನಗರಾಡಳಿತ ನಿಷೇಧಿಸಿತು. 2020ರ ಏಪ್ರಿಲ್ 15ರಂದು ಸಂವಿಧಾನ ನ್ಯಾಯಾಲಯ, ಆ ನಿಯಮದಲ್ಲಿ ಅಂಥ ಸಾರಾಸಗಟು ನಿಷೇಧ ಇಲ್ಲ, ನಿಮಗೆ ವಿವೇಚನೆಯ ಅಧಿಕಾರ ಇತ್ತು, ನೀವು ಅದನ್ನು ಬಳಸಲೇ ಇಲ್ಲ ಅಂದಿತು. ಪ್ರತಿಭಟನೆ ಮಾಡಲು ಬಿಡಲೇಬೇಕು ಎಂದು ಕೋರ್ಟ್ ಹೇಳಲಿಲ್ಲ. ಈ ಅರ್ಜಿಯನ್ನು ಇದರ ವಿವರ ನೋಡಿ ತೀರ್ಮಾನಿಸಿ ಎಂದಿತು. ಆಡಳಿತ ಪಕ್ಷಿ ಅವರ ಒಂದು ಸಾಲಿನ ನಿಷೇಧಕ್ಕೆ ಇರುವ ತೊಡಕು ಇದೇ. ಅರ್ಜಿಯನ್ನು ಓದುವ ಕೆಲಸವೇ ತಪ್ಪಿಹೋಗುತ್ತದೆ.

ಮೈದಾನದ ಅಳತೆ
ಸಂಖ್ಯೆಯ ಲೆಕ್ಕಕ್ಕೆ ಬರುತ್ತೇನೆ. 2020ರ ಸೆಪ್ಟೆಂಬರ್ 21ರಿಂದ ಕೇಂದ್ರ 100 ಜನರ ಮಿತಿ ಹಾಕಿತು. ಅಕ್ಟೋಬರ್ 15ರಿಂದ ಒಳಾಂಗಣಕ್ಕೆ ಅರ್ಧ ಸಾಮರ್ಥ್ಯ, ಗರಿಷ್ಠ 200. ಬಯಲಿಗೆ ಮೈದಾನದ ಗಾತ್ರ ನೋಡಿಕೊಂಡು ಅಂತಾಯಿತು. ಆ ಕೊನೆಯ ಮಾತು ಸರಿಯಾದ ದಿಕ್ಕು, ಆದರೆ ಸೂತ್ರ ಕೊಡಲಿಲ್ಲ. ಸೂತ್ರ ಇಲ್ಲದಿದ್ದರೆ ಪ್ರತಿ ಠಾಣೆಯಲ್ಲೂ ಒಂದೊಂದು ಸಂಖ್ಯೆ.

60 ಮೀಟರ್ ಉದ್ದ, 40 ಮೀಟರ್ ಅಗಲದ ಶಾಲಾ ಮೈದಾನ ತೆಗೆದುಕೊಳ್ಳಿ. 2,400 ಚದರ ಮೀಟರ್. ವೇದಿಕೆ, ಅದರ ಮುಂದಿನ ಖಾಲಿ ಜಾಗ, 3 ಮೀಟರಿನ ಓಡಾಟದ ದಾರಿಗಳು, ಆಂಬುಲೆನ್ಸ್ ದಾರಿ, ಇವಕ್ಕೆ ಶೇ 30 ಕಳೆಯಿರಿ. ಉಳಿದದ್ದು 1,680. ತಲೆಗೆ 2 ಮೀಟರ್ ಚೌಕ, ಅಂದರೆ 4 ಚದರ ಮೀಟರ್. 420 ಜನ. ಅನುಮತಿ ಪತ್ರದಲ್ಲಿ 400 ಅಂತ ಬರೆಯಿರಿ, ಸ್ವಯಂಸೇವಕರನ್ನೂ ಅದರಲ್ಲೇ ಸೇರಿಸಿ.

ಗುರುತು ಹಾಕುವುದು ಹೀಗೆ. 40 ಮೀಟರಿನ ಹಗ್ಗಕ್ಕೆ 2 ಮೀಟರಿಗೊಂದು ಗಂಟು ಹಾಕಿ. ಇಬ್ಬರು ತುದಿ ಹಿಡಿದು ಎಳೆಯಲಿ, ಮೂರನೆಯವರು ಪ್ರತಿ ಗಂಟಿನ ಕೆಳಗೆ ಸುಣ್ಣದ ಪುಡಿಯಿಂದ ಗುರುತು ಹಾಕಲಿ. 2 ಮೀಟರ್ ಹಿಂದೆ ಸರಿದು ಮುಂದಿನ ಸಾಲು. ಒಂದೇ ಮನೆಯವರು ಒಂದು ಗುರುತಿನಲ್ಲಿ ಒಟ್ಟಿಗೆ ಕೂರಬಹುದು. ನಿಲ್ಲಿಸಬೇಡಿ, ಕೂರಿಸಿ. ನಿಂತ ಜನ ಹತ್ತು ನಿಮಿಷದಲ್ಲಿ ವೇದಿಕೆಯ ಕಡೆ ಜರುಗುತ್ತಾರೆ. ಇಸ್ರೇಲಿನ ಟೆಲ್ ಅವೀವ್‌ನ ರಾಬಿನ್ ಚೌಕದಲ್ಲಿ 2020ರ ಏಪ್ರಿಲ್ 19ರಂದು ಸಾವಿರಾರು ಜನ ಹೀಗೆ ದೂರ ದೂರ ಗುರುತುಗಳ ಮೇಲೆ ನಿಂತೇ ಪ್ರತಿಭಟಿಸಿದರು, ಆದರೆ ಅದಕ್ಕೆ ದೊಡ್ಡ ಚೌಕವೂ ಬಿಗಿ ವ್ಯವಸ್ಥೆಯೂ ಬೇಕು.

ಕೆಡುವುದು ಎಲ್ಲಿ ಅಂದರೆ ಗುರುತಿನ ಹೊರಗೆ. ಶಾಮಿಯಾನಕ್ಕೆ ಮೂರು ಬದಿ ಪರದೆ ಕಟ್ಟಿದರೆ ಅದು ಬಯಲಲ್ಲ, ಒಳಾಂಗಣ, ಬದಿಗಳನ್ನು ಬಿಚ್ಚಿಡಿ. ಮಳೆ ಬಂದರೆ ಎಲ್ಲರೂ ಅದರ ಕೆಳಗೇ ನುಗ್ಗುತ್ತಾರೆ. ಹಾಗಾಗಿ ಮಳೆ ಬಂದರೆ ಸಭೆ ಮುಗಿಯಿತು ಅಂತ ಮೊದಲೇ ಘೋಷಿಸಿರಬೇಕು. ಊಟದ ಸಾಲು, ಟೀ ಅಂಗಡಿ, ಎರಡೇ ಶೌಚಾಲಯ, ಇಲ್ಲೆಲ್ಲ ಮಾಸ್ಕ್ ಕೆಳಗಿಳಿಯುತ್ತದೆ. ಊಟ ಕಟ್ಟಿಕೊಟ್ಟು ಹೊರಡುವಾಗ ಹಂಚಿ. ಘೋಷಣೆಗೆ ಬದಲು ತಮಟೆ, ಭಿತ್ತಿಪತ್ರ. ಮಾತಾಡುವವರಿಗೆ ಒಳ್ಳೆ ಮೈಕ್ ಕೊಟ್ಟರೆ ಕಿರುಚುವ ಅಗತ್ಯ ಬೀಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಬರುವ ಹೋಗುವ ಬಸ್ಸು. ಮೈದಾನದಲ್ಲಿ 2 ಮೀಟರ್ ದೂರ ಕೂತವರೇ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಎರಡು ಗಂಟೆ ಕೂತರೆ ಸುಣ್ಣ ಹಾಕಿದ್ದೇ ವ್ಯರ್ಥ. ಅರ್ಧ ಸೀಟು, ತೆರೆದ ಕಿಟಕಿ. ಆಗದಿದ್ದರೆ ಜಿಲ್ಲಾ ಕೇಂದ್ರದ ಒಂದು ದೊಡ್ಡ ಸಭೆಯ ಬದಲು ಹೋಬಳಿಗೊಂದು ಸಣ್ಣ ಸಭೆ.

ಜ್ವರಪಟ್ಟಿ
ಬಸ್ಸಿನ ಮಾತು ನೂರಕ್ಕೆ ನೂರು ಸರಿ. ಅದೇ ಕಾರಣಕ್ಕೆ ಪೊಲೀಸರ ವ್ಯಾನನ್ನೂ ಆದೇಶದಲ್ಲಿ ಸೇರಿಸಿ.

ಬಂದೋಬಸ್ತು
ಅದನ್ನೇ ಬರೆಯಬೇಕೆಂದಿದ್ದೆ. ನಮ್ಮಲ್ಲಿ ರೂಢಿ ಏನು? ಅನುಮತಿ ಇಲ್ಲದ ಧರಣಿಯವರನ್ನು ವಶಕ್ಕೆ ತೆಗೆದುಕೊಂಡು, ಸರ್ಕಾರಿ ಬಸ್ಸಿಗೆ ತುಂಬಿ, ಯಾವುದಾದರೂ ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಕರೆದೊಯ್ದು ಸಂಜೆ ಬಿಡುವುದು. ಬಯಲಲ್ಲಿ ಚದುರಿ ಕೂತಿದ್ದವರನ್ನು ರೋಗದ ಹೆಸರಿನಲ್ಲಿ ಮುಚ್ಚಿದ ಜಾಗಕ್ಕೆ ತುಂಬಿದಂತಾಯಿತು. ಬ್ಯಾರಿಕೇಡಿನಿಂದ ಸುತ್ತುಗಟ್ಟಿ ಒತ್ತುವುದೂ ಅಷ್ಟೇ ಅಪಾಯ. ಹಂತ ಹೀಗಿರಲಿ: ಮೈಕಿನಲ್ಲಿ ಎಚ್ಚರಿಕೆ, 30 ನಿಮಿಷ ಕಾಲಾವಕಾಶ, ಎರಡು ಕಡೆ ಹೊರದಾರಿ ತೆರೆದಿಡುವುದು, ಸಂಘಟಕರ ಹೆಸರು ಬರೆದುಕೊಂಡು ಆಮೇಲೆ ಕಾನೂನು ಕ್ರಮ. ದೈಹಿಕವಾಗಿ ಹಿಡಿದೊಯ್ಯುವುದು ಹಿಂಸೆ ಶುರುವಾದರೆ ಮಾತ್ರ.

ಕ್ರಮ ಅಂದಾಗ ಇನ್ನೊಂದು. ಅಧಿಕಾರಿಯ ಆದೇಶ ಮೀರಿದ್ದಕ್ಕೆ ಐಪಿಸಿ 188, ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 223ರ ಕೆಳಗೆ ಎಫ್‌ಐಆರ್ ಹಾಕಿ ಆರೋಪಪಟ್ಟಿ ಕೊಟ್ಟರೆ ನಿಲ್ಲುವುದಿಲ್ಲ. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿಯ ಲಿಖಿತ ದೂರಿಲ್ಲದೆ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಹಿಂದೆ ಅದು ಸಿಆರ್‌ಪಿಸಿ 195, ಈಗ ಬಿಎನ್‌ಎಸ್‌ಎಸ್ 215. ಆದೇಶ ಪಾಲಿಸದವರಿಗೆ ಶಿಕ್ಷೆ ಹೇಳುವ ವಿಪತ್ತು ಕಾಯ್ದೆಯ 51ನೇ ಸೆಕ್ಷನ್ನಿಗೂ 60ನೇ ಸೆಕ್ಷನ್ನಿನ ಇಂಥದ್ದೇ ಕಟ್ಟು ಇದೆ.

ಆಡಳಿತ ಪಕ್ಷಿ
30 ನಿಮಿಷ ಜಾಸ್ತಿಯಾಯಿತು. ಅಷ್ಟರಲ್ಲಿ ನೋಡಲು ಬಂದವರೇ ದುಪ್ಪಟ್ಟಾಗುತ್ತಾರೆ.

ಬಂದೋಬಸ್ತು
ನೋಡಲು ಬರುವವರನ್ನು ತಡೆಯಲು ಹೊರವರ್ತುಲ ಬೇಕು ಸರ್, ಒಳಗಿರುವವರನ್ನು ಒತ್ತುವುದಲ್ಲ.

ಗಡಿನಾಡ ಬೀದರ್
ಎಲ್ಲರಿಗೂ ಒಂದೇ ಅಳತೆ ಅನ್ನುವ ಸಾಲು ಇಲ್ಲದಿದ್ದರೆ ಈ ಕರಡಿಗೆ ಬೆಲೆ ಇಲ್ಲ. 2021ರ ಏಪ್ರಿಲ್ 10ರಿಂದ 20ರವರೆಗೆ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ತುಮಕೂರು, ಉಡುಪಿ, ಮಣಿಪಾಲದ ಜೊತೆ ಬೀದರ್ ನಗರದಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಅದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಏಪ್ರಿಲ್ 17ರ ಉಪಚುನಾವಣೆಗೆ ಪ್ರಚಾರ ಜೋರಾಗಿತ್ತು. ಮಸ್ಕಿ, ಬೆಳಗಾವಿಯಲ್ಲೂ ಅಂದೇ ಮತದಾನ. ಹರಿದ್ವಾರದ ಕುಂಭದ ಶಾಹಿ ಸ್ನಾನಗಳೂ ಅದೇ ವಾರದಲ್ಲಿ. ಒಂದು ಗುಂಪಿಗೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಿದಾಗ ಜನ ರೋಗದ ಮಾತನ್ನೇ ನಂಬುವುದು ಬಿಡುತ್ತಾರೆ. ಆಮೇಲೆ ಮಾಸ್ಕ್ ಹಾಕಿ ಅಂದರೂ ಕೇಳುವವರಿಲ್ಲ. ಇದು ನ್ಯಾಯದ ಪ್ರಶ್ನೆಯಷ್ಟೇ ಆರೋಗ್ಯದ ಪ್ರಶ್ನೆ ಕೂಡ.

ಆಡಳಿತ ಪಕ್ಷಿ
ಈ ಮಾತಿಗೆ ನನ್ನ ಪೂರ್ಣ ಸಮ್ಮತಿ. ಮೇಕೆದಾಟು ಪಾದಯಾತ್ರೆಯನ್ನೂ ನೋಡಿ. 2022ರ ಜನವರಿ 4ರ ಆದೇಶದಲ್ಲಿ ರ್‍ಯಾಲಿ, ಧರಣಿ ನಿಷೇಧ, ವಾರಾಂತ್ಯ ಕರ್ಫ್ಯೂ ಎಲ್ಲ ಇತ್ತು. ಜನವರಿ 9, ಭಾನುವಾರ, ಸಂಗಮದಿಂದ ಪಾದಯಾತ್ರೆ ಹೊರಟಿತು. 12ರಂದು ಹೈಕೋರ್ಟ್ ಪ್ರಶ್ನಿಸಿದ ಮೇಲೆ ಸರ್ಕಾರ ಅದನ್ನು ಹೆಸರಿಸಿ ನಿಷೇಧಿಸಿತು, 13ಕ್ಕೆ ರಾಮನಗರದಲ್ಲಿ ನಿಂತಿತು. ನಡುವಿನ ದಿನಗಳಲ್ಲಿ ತಡೆಯಲೂ ಇಲ್ಲ, ಷರತ್ತು ಹಾಕಿ ನಡೆಸಲೂ ಇಲ್ಲ. ನಡೆಯುವ ಮೆರವಣಿಗೆಗೆ ಕೂರುವ ಧರಣಿಯ ಲೆಕ್ಕ ಹೊಂದುವುದಿಲ್ಲ: ಪ್ರತಿ ಊರಿನಲ್ಲಿ ಹೊಸ ಜನ ಸೇರುತ್ತಾರೆ, ಹಳಬರು ಮನೆಗೆ ಹೋಗುತ್ತಾರೆ, ಸಂಪರ್ಕ ಪತ್ತೆ ಅಸಾಧ್ಯ. ಕರಡಿನಲ್ಲಿ ಎರಡನ್ನೂ ಬೇರೆ ಮಾಡಿ.

ಆರೋಗ್ಯ ಹೆಜ್ಜೆ
2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂಪಾಯಿ ಗೌರವಧನಕ್ಕೂ ರಕ್ಷಣಾ ಸಾಮಗ್ರಿಗೂ ಮುಷ್ಕರ ಹೂಡಿದ್ದನ್ನು ಯಾರೂ ಎತ್ತಲಿಲ್ಲ. ಮನೆ ಮನೆಗೆ ಹೋಗಿ ಜ್ವರ ಇದೆಯಾ ಅಂತ ಕೇಳುವವರಿಗೇ ಸರಿಯಾದ ಮಾಸ್ಕ್ ಇಲ್ಲ ಅನ್ನುವ ದೂರು ಆರೋಗ್ಯ ಇಲಾಖೆಗೆ ತಿಳಿಯಬೇಕಾದ ಸುದ್ದಿ. ಅದು ಹೊರಬಂದದ್ದು ಪ್ರತಿಭಟನೆಯಿಂದ. ಆರೋಗ್ಯ, ಪೌರಕಾರ್ಮಿಕ, ಪಡಿತರ, ವಲಸೆ ಕಾರ್ಮಿಕರ ಅಹವಾಲಿನ ಸಭೆಗಳಿಗೆ ಅರ್ಜಿ ಬಂದ 24 ಗಂಟೆಯಲ್ಲಿ ಉತ್ತರ ಅಂತ ಸೇರಿಸಿ. ಪೂರ್ಣ ನಿಷೇಧದ 14 ದಿನದಲ್ಲೂ ಐದು ಜನರ ನಿಯೋಗ ಬಯಲಲ್ಲಿ ಅಧಿಕಾರಿಯನ್ನು ಕಂಡು ಮನವಿ ಕೊಡಲು ಅವಕಾಶ ಇರಲಿ.

ಗುಪ್ತ ಪುಟ
ಬಂದವರ ಹೆಸರು, ಫೋನ್ ನಂಬರಿನ ಪುಸ್ತಕ ಇಡಬೇಕು ಅಂತ ಯಾರಾದರೂ ಬರೆಯುವ ಮುಂಚೆ: ಪ್ರತಿಭಟನೆಗೆ ಬಂದವರ ಪಟ್ಟಿ ಠಾಣೆಯ ಕೈಗೆ ಹೋಗುತ್ತದೆ ಅಂದರೆ ಜನ ಸುಳ್ಳು ನಂಬರ್ ಬರೆಯುತ್ತಾರೆ, ಸಂಪರ್ಕ ಪತ್ತೆಯೂ ಕೆಡುತ್ತದೆ. ಸಿಂಗಪುರದ ಸಂಪರ್ಕ ಪತ್ತೆಯ ಆ್ಯಪ್ ಟ್ರೇಸ್‌ಟುಗೆದರ್‌ನ ಮಾಹಿತಿಯನ್ನು ಪೊಲೀಸರೂ ಪಡೆಯಬಹುದು ಅಂತ 2021ರ ಜನವರಿಯಲ್ಲಿ ಹೊರಬಿದ್ದು ದೊಡ್ಡ ಗದ್ದಲವಾಯಿತು, ಮುಂದಿನ ತಿಂಗಳೇ ಕಾನೂನು ಮಾಡಿ ಗಂಭೀರ ಅಪರಾಧಗಳಿಗೆ ಮಿತಿಗೊಳಿಸಬೇಕಾಯಿತು. ಪುಸ್ತಕ ಸಂಘಟಕರ ಬಳಿ ಇರಲಿ, ಮುಚ್ಚಿದ ಲಕೋಟೆಯಲ್ಲಿ. ಸೋಂಕು ಪತ್ತೆಯಾದರೆ ತಾಲೂಕು ಆರೋಗ್ಯಾಧಿಕಾರಿಗೆ ಮಾತ್ರ. 28 ದಿನ ಕಳೆದ ಮೇಲೆ ಸುಡಬೇಕು.

ಹೇಮಾವತಿ ದಂಡೆ
ಎಲ್ಲರಿಗೂ ಧನ್ಯವಾದ. ಕರಡಿನ ಮುಖ್ಯ ಪ್ಯಾರಾ ಹೀಗೆ ಬರೆದಿದೆ, ನೋಡಿ:

“ತಾಲೂಕು ಆರೋಗ್ಯಾಧಿಕಾರಿಗಳ ವರದಿಯನ್ನು ಪರಿಶೀಲಿಸಿ, ಕೆಳಗೆ ವಿವರಿಸಿದ ಕಾರಣಗಳಿಂದ, ಒಳಾಂಗಣ ಸಭೆಗಳನ್ನು ಮತ್ತು ಚಲಿಸುವ ಮೆರವಣಿಗೆಗಳನ್ನು ಈ ದಿನದಿಂದ 14 ದಿನ ನಿಷೇಧಿಸಲಾಗಿದೆ. ಅನುಬಂಧದಲ್ಲಿ ಹೆಸರಿಸಿದ ಬಯಲುಗಳಲ್ಲಿ, ತಲೆಗೆ 4 ಚದರ ಮೀಟರಿನಂತೆ, 90 ನಿಮಿಷ ಮೀರದ ಕುಳಿತು ಮಾಡುವ ಸಭೆಗೆ ಅನುಮತಿ ಇರುತ್ತದೆ. ಇದು ರಾಜಕೀಯ, ಧಾರ್ಮಿಕ, ಸರ್ಕಾರಿ ಸಮಾರಂಭಗಳಿಗೂ ಸಮನಾಗಿ ಅನ್ವಯಿಸುತ್ತದೆ. ಅವಧಿ ಮುಗಿದ ಮೇಲೆ ಹೊಸ ವರದಿ, ಹೊಸ ಕಾರಣ ಇಲ್ಲದೆ ಮುಂದುವರಿಯತಕ್ಕದ್ದಲ್ಲ.”

ಕಲಂ ಹತ್ತೊಂಬತ್ತು
ಚೆನ್ನಾಗಿದೆ. ಎರಡು ಸೇರಿಸಿ. ಅನುಮತಿ ನಿರಾಕರಿಸಿದರೆ ಲಿಖಿತ ಕಾರಣದ ಜೊತೆ ಪರ್ಯಾಯ ಜಾಗ ಅಥವಾ ದಿನ ಸೂಚಿಸಬೇಕು. ಮತ್ತು 48 ಗಂಟೆಯಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ. ಅನುಬಂಧದಲ್ಲಿ ಬಯಲುಗಳ ಹೆಸರು ಹಾಕುವಾಗ ಊರಾಚೆಯ ಒಂದೇ ಮೈದಾನ ಹಾಕಿಬಿಡುತ್ತಾರೆ, ಎಚ್ಚರ. ಬೆಂಗಳೂರಿನಲ್ಲಿ 2021ರ ಆದೇಶದ ಮೇಲೆ ಪ್ರತಿಭಟನೆಯೆಲ್ಲ ಫ್ರೀಡಂ ಪಾರ್ಕಿಗೆ ಸೀಮಿತವಾಯಿತು, ಅದಕ್ಕೆ ಕಾರಣ ಸಂಚಾರ ದಟ್ಟಣೆ, ರೋಗವಲ್ಲ. ಸೋಂಕಿನ ಕಾಲದಲ್ಲಿ ಎಲ್ಲರನ್ನೂ ಒಂದೇ ಕಡೆ ಸೇರಿಸುವುದು ತದ್ವಿರುದ್ಧ ಕೆಲಸ. ತಾಲೂಕಿಗೆ ಕನಿಷ್ಠ ಮೂರು ಜಾಗ, ಅದರಲ್ಲಿ ಒಂದಾದರೂ ತಾಲೂಕು ಕಚೇರಿಗೆ ಕಾಣುವಷ್ಟು ಹತ್ತಿರ.

ಜ್ವರಪಟ್ಟಿ
14 ದಿನ ಅಂದಿದ್ದಕ್ಕೆ ಕಾರಣವನ್ನೂ ಆದೇಶದಲ್ಲೇ ಬರೆಯಿರಿ. ಸೋಂಕು ತಗುಲಿ, ಲಕ್ಷಣ ಕಂಡು, ಪರೀಕ್ಷೆಯಾಗಿ, ಫಲಿತಾಂಶ ಪಟ್ಟಿಗೆ ಏರಲು ಕೋವಿಡ್‌ನಲ್ಲಿ 10ರಿಂದ 14 ದಿನ ಹಿಡಿಯುತ್ತಿತ್ತು. ಅದಕ್ಕಿಂತ ಮೊದಲೇ ಪರಿಶೀಲಿಸಿದರೆ ಕ್ರಮ ಫಲಿಸಿತೋ ಇಲ್ಲವೋ ತಿಳಿಯುವುದಿಲ್ಲ. ಬೇರೆ ರೋಗವಾದರೆ ಈ ಸಂಖ್ಯೆ ಬದಲಾಗುತ್ತದೆ. ನೀರಿನಿಂದ ಹರಡುವ ಕಾಲರಾಕ್ಕೆ 2 ಮೀಟರಿನ ಸುಣ್ಣದ ಗುರುತು ಪ್ರಯೋಜನಕ್ಕೆ ಬಾರದು, ಅಲ್ಲಿ ಕುಡಿಯುವ ನೀರಿನ ಡ್ರಮ್ಮಿನ ಕ್ಲೋರಿನ್ ನೋಡಬೇಕು. ಆದ್ದರಿಂದ ದೂರ, ಅವಧಿ, ದಿನಗಳ ಸಂಖ್ಯೆಯನ್ನು ಮುಖ್ಯ ಆದೇಶದಲ್ಲಿ ಬಿಟ್ಟ ಸ್ಥಳವಾಗಿ ಇಟ್ಟು, ರೋಗ ತಿಳಿದ ಮೇಲೆ ತುಂಬುವ ಅನುಬಂಧಕ್ಕೆ ಹಾಕಿ.